ದುಡಿಮೆಯ ಲೆಕ್ಕ ಬರೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ದೊಡ್ಡಆಲಹಳ್ಳಿಯಲ್ಲಿ ಮನೆಮನೆಗೆ ಹೋಗಿ ಕೆಲಸ, ಕೂಲಿ, ಆದಾಯದ ಮಾಹಿತಿ ಬರೆದುಕೊಳ್ಳುವವರಿಗೂ ಅದನ್ನಿಟ್ಟುಕೊಂಡು ಸಂಖ್ಯಾಶಾಸ್ತ್ರದ ಮಾದರಿ ಕಟ್ಟುವವರಿಗೂ ಈ ಸೂಚನೆ. ಮನೆಬಾಗಿಲಲ್ಲಿ ಬರೆಯದೆ ಬಿಟ್ಟ ದುಡಿಮೆಯನ್ನು ಆಮೇಲೆ ಯಾವ ಮಾದರಿಯೂ ಹುಡುಕಿ ಕೊಡುವುದಿಲ್ಲ.

ಮಾಡಬೇಕಾದ್ದು

1. "ಏನು ಕೆಲಸ ಮಾಡ್ತೀರಕ್ಕಾ?" ಎಂದರೆ "ಏನಿಲ್ಲ, ಮನೇಲೇ ಇದೀನಿ" ಎಂಬ ಉತ್ತರ ಬರುತ್ತದೆ. ಮುಂದೆ ಕೇಳಿ. ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವವರು ಯಾರು? ರಾತ್ರಿ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕುವವರು ಯಾರು? ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರು, ಗೂಡು ಬಿಡಿಸುವವರು ಯಾರು? ಹಸು ಕರೆದು ಡೈರಿಗೆ ಹಾಲು ಹಾಕುವವರು ಯಾರು? 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರೂ ಕೆಲಸಗಾರರೇ. ಅವರ ಸಂಕೇತ 21. ಬರೀ ಮನೆವಾರ್ತೆ ನೋಡಿಕೊಳ್ಳುವವರ ಸಂಕೇತ 92. ಈ ಎರಡು ಅಂಕಿ ಅದಲುಬದಲಾದರೆ ಒಬ್ಬ ಹೆಣ್ಣುಮಗಳ ವರ್ಷದ ದುಡಿಮೆಯೇ ಲೆಕ್ಕದಿಂದ ಅಳಿಸಿಹೋಗುತ್ತದೆ.

2. ಹಿಂದಿನ 7 ದಿನದ ಕೆಲಸವನ್ನೂ ಹಿಂದಿನ 365 ದಿನದ ಕೆಲಸವನ್ನೂ ಬೇರೆಬೇರೆ ಕೇಳಿ. ವಾರದ ಲೆಕ್ಕಕ್ಕೆ ಒಂದೇ ಒಂದು ಗಂಟೆ ದುಡಿದಿದ್ದರೂ ಸಾಕು. ವರ್ಷದ ಲೆಕ್ಕದಲ್ಲಿ, ಉಪಕಸುಬಿಗೆ ಕನಿಷ್ಠ 30 ದಿನ ಬೇಕು.

3. ಭೇಟಿಯ ದಿನಾಂಕದ ಜೊತೆ ಬೆಳೆ ಯಾವ ಹಂತದಲ್ಲಿದೆ ಎಂಬುದನ್ನೂ ಬರೆಯಿರಿ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ವಾರದಲ್ಲಿ ಮನೆಮಂದಿಗೆಲ್ಲ ಬಿಡುವಿರುವುದಿಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಅದೇ ಮನೆಯವರು ಖಾಲಿ ಕೂತಂತೆ ಕಾಣುತ್ತಾರೆ.

4. ಮುಯ್ಯಾಳಾಗಿ (ಕೆಲಸಕ್ಕೆ ಬದಲು ಕೆಲಸ) ಹೋದ ದಿನಗಳನ್ನೂ ದುಡಿಮೆ ಎಂದೇ ಬರೆಯಿರಿ. ದುಡ್ಡು ಕೈಗೆ ಬರದಿದ್ದರೂ ಮೈ ದಣಿದಿದೆ.

5. ಹಾರೋಹಳ್ಳಿಯ ಕಾರ್ಖಾನೆಗೋ ಬೆಂಗಳೂರಿಗೋ ಹೋಗಿಬರುವವರನ್ನು ಸಂಬಳದ ಜೊತೆಗೆ ಬಸ್ಸಿನ ಖರ್ಚು, ದಾರಿಯಲ್ಲಿ ಕಳೆಯುವ ಹೊತ್ತನ್ನೂ ಕೇಳಿ.

ಮಾಡಬಾರದ್ದು

1. ಕೂಲಿ ಪಡೆಯದವರ ಮುಂದೆ ಸೊನ್ನೆ ಹಾಕಬೇಡಿ. "ಅನ್ವಯಿಸದು" ಎಂದು ಬರೆಯಿರಿ. ಕೂಲಿಗೆ ಹೋಗುವವರನ್ನಷ್ಟೇ ಇಟ್ಟುಕೊಂಡು ಕಟ್ಟಿದ ಮಾದರಿಯನ್ನು ಇಡೀ ಊರಿನದು ಎಂದು ಹೇಳಬೇಡಿ.

2. ಕರ್ನಾಟಕದ ನಿರುದ್ಯೋಗ ದರವನ್ನು ತಂದು ಈ ಊರಿಗೆ ಅಂಟಿಸಬೇಡಿ. ರಾಜ್ಯಕ್ಕೆಂದು ಆರಿಸಿದ ಮನೆಗಳು ಒಂದು ಹಳ್ಳಿಯ ಕಥೆ ಹೇಳಲಾರವು.

3. 2025ರ ಜನವರಿಯಲ್ಲಿ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ವಿಧಾನವೇ ಬದಲಾಯಿತು. ಹಿಂದಿನ ಅಂಕಿಗಳನ್ನೂ ಈಚಿನವನ್ನೂ ಎಚ್ಚರಿಕೆಯ ಮಾತಿಲ್ಲದೆ ಒಂದೇ ಗೆರೆಯಲ್ಲಿ ಎಳೆಯಬೇಡಿ.

4. ಓದು ಹೆಚ್ಚಿದರೆ ಸಂಬಳ ತಾನಾಗಿ ಹೆಚ್ಚುತ್ತದೆ ಎಂದು ಮೊದಲೇ ತೀರ್ಮಾನಿಸಬೇಡಿ. ಪ್ಯಾಲೆಸ್ಟೀನಿನ ಪಶ್ಚಿಮ ದಂಡೆ ಮತ್ತು ಗಾಜಾದಲ್ಲಿ 1980ರ ದಶಕದಲ್ಲಿ ಪದವೀಧರರು ಹೆಚ್ಚಿದಂತೆ ಓದಿಗೆ ಸಿಗುತ್ತಿದ್ದ ಹೆಚ್ಚುವರಿ ಸಂಬಳ ಕುಸಿಯಿತೆಂದು ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ 1995ರಲ್ಲಿ ತೋರಿಸಿದರು. ಇಲ್ಲಿ ಡಿಗ್ರಿ ಮುಗಿಸಿದವರಿಗೆ ಏನು ಸಿಕ್ಕಿದೆ ಎಂಬುದನ್ನು ಇಲ್ಲೇ ಕೇಳಿ ತಿಳಿಯಿರಿ.

5. ಬೀಗ ಹಾಕಿದ ಮನೆಯ ಕಾಲಂ ಅನ್ನು ಊಹೆಯಿಂದ ತುಂಬಬೇಡಿ. ಮತ್ತೆ ಹೋಗಿ. ಹೋಗಲಾಗದ ಕಡೆಯ ಮಾತು ಬೇರೆ: ಯುದ್ಧದ ನಡುವೆ ಗಾಜಾದಲ್ಲಿ ಎಂದಿನಂತೆ ಮನೆಮನೆಯ ಸಮೀಕ್ಷೆ ನಡೆಸುವಂತಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಪ್ಯಾಲೆಸ್ಟೀನಿನ ಕೇಂದ್ರ ಅಂಕಿಅಂಶ ಸಂಸ್ಥೆ 2024ರ ಜೂನ್‌ನಲ್ಲಿ ಅಲ್ಲಿನ ನಿರುದ್ಯೋಗ ಶೇ. 79ರಷ್ಟಿದೆ ಎಂದು ಅಂದಾಜು ಮಾಡಿದವು, ಅಂದಾಜೆಂದೇ ಹೇಳಿದವು. ಬಾಗಿಲು ತಟ್ಟಲಾಗದ ಕಡೆ ಅಂದಾಜು ಅನಿವಾರ್ಯ. ತಟ್ಟಬಹುದಾದ ಬಾಗಿಲ ಮುಂದೆ ಅದು ಬರೀ ಸೋಮಾರಿತನ.

6. ಕರೆಯದೆ ಹುಳದ ಮನೆಯೊಳಗೆ ಕಾಲಿಡಬೇಡಿ. ಹೊರಗಿನ ಸೋಂಕು ತಗುಲಿದರೆ ಬೆಳೆಯೇ ಹೋದೀತು.

7. ಒಬ್ಬರ ಮನೆಯ ಸಾಲ, ಸಂಬಳದ ಮಾತನ್ನು ಇನ್ನೊಂದು ಮನೆಯಲ್ಲಿ ಆಡಬೇಡಿ. ವರದಿಯಲ್ಲಿ ಹೆಸರು ಬೇಡ.

ಲೆಕ್ಕ ಮುಗಿದ ಮೇಲೆ ಊರಿನ ಒಟ್ಟು ಅಂಕಿಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. "ಇದು ಸರಿಯಿಲ್ಲ" ಎಂದು ದುಡಿಯುವವರು ಹೇಳಿದರೆ, ಮೊದಲು ನಿಮ್ಮ ಮಾದರಿಯನ್ನು ಪರೀಕ್ಷಿಸಿ.