ಲಾರಿಯ ಇಂಜಿನಿನ ‘ಮಿಸ್ಸಿಂಗ್’ ಮತ್ತು ಸುಳ್ಳು ಹೇಳುವ ಸೆನ್ಸರ್

ಮಲ್ಪೆಯ ಬಂದರಿನಲ್ಲಿ ಮೀನನ್ನೂ ಮಂಜುಗಡ್ಡೆಯನ್ನೂ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಣಕ್ಕೆ ಹೊರಟ ಲಾರಿಯೊಂದು ಕಾಪುವಿನ ಬಳಿ ರಸ್ತೆಯಂಚಿಗೆ ಸರಿದು ನಿಂತಿದೆಯೆಂದು ಭಾವಿಸೋಣ. ಅದರ ಇಂಜಿನು ಪೂರ್ತಿಯಾಗಿ ನಿಂತಿಲ್ಲ. ನಡುಗುತ್ತ, ಎಡವುತ್ತ ಓಡುತ್ತಿದೆ. ಚಾಲಕನ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿದೆ. ಗ್ಯಾರೇಜಿನವರು ಇದಕ್ಕೆ ‘ಮಿಸ್ಸಿಂಗ್’ ಎಂದು ಹೆಸರಿಟ್ಟಿದ್ದಾರೆ. ಮಂಜುಗಡ್ಡೆ ಕರಗುವುದರೊಳಗಾಗಿ ದೋಷವನ್ನು ಹಿಡಿಯಬೇಕು. ತಪ್ಪು ಭಾಗವನ್ನು ಬದಲಾಯಿಸಿ ಕುಳಿತರೆ ಹಣವೂ ಹೋಯಿತು, ಮೀನೂ ಹೋಯಿತು.

ಮೊದಲು ಆ ಎಡವುವಿಕೆಯೆಂದರೇನೆಂಬುದನ್ನು ನೋಡೋಣ. ಇಂಜಿನಿನಲ್ಲಿ ಆರು ಸಿಲಿಂಡರುಗಳಿದ್ದು, ಅದು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆಯೆನ್ನಿ. ಸೆಕೆಂಡಿಗೆ 10 ಸುತ್ತಾಯಿತು. ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಪಿಸ್ಟನ್ನನ್ನು ತಳ್ಳುವುದರಿಂದ, ಸೆಕೆಂಡಿಗೆ 30 ತಳ್ಳುಗಳು ಸಮಾನ ಅಂತರದಲ್ಲಿ ಬೀಳಬೇಕು. ಒಂದು ಸಿಲಿಂಡರು ಕೆಲಸ ಬಿಟ್ಟಿತೆಂದರೆ ಉಳಿಯುವುದು 25. ಸೆಕೆಂಡಿಗೆ ಐದು ಬಾರಿ ತಾಳ ತಪ್ಪುತ್ತದೆ. ಪಳಗಿದ ಕಿವಿಯು ಕೇಳುವುದು ಈ ತಪ್ಪಿದ ತಾಳವನ್ನೇ.

ಇಂದಿನ ಲಾರಿಯ ಗಣಕವೂ ಇದನ್ನೇ ಎಣಿಸುತ್ತದೆ. ಕ್ರ್ಯಾಂಕ್‌ದಂಡಕ್ಕೆ ಸೇರಿದ ಚಕ್ರದ ಅಂಚಿನಲ್ಲಿ ಸಾಮಾನ್ಯವಾಗಿ 60 ಹಲ್ಲುಗಳಿಗೆ ಸ್ಥಳವಿದ್ದು, ಗುರುತಿಗಾಗಿ ಎರಡನ್ನು ಬಿಟ್ಟಿರುತ್ತಾರೆ. ಒಂದೊಂದು ಹಲ್ಲು ಸೆನ್ಸರಿನ ಮುಂದೆ ಹಾಯುವುದಕ್ಕೆ ಮೇಲಿನ ವೇಗದಲ್ಲಿ ಸೆಕೆಂಡಿನ 600ರಲ್ಲಿ ಒಂದು ಪಾಲು ಕಾಲ ಬೇಕು. ಮೂರನೆಯ ಸಿಲಿಂಡರಿನ ಸರದಿ ಬಂದಾಗಲೆಲ್ಲ ಹಲ್ಲುಗಳು ತುಸು ತಡವಾಗಿ ಹಾದರೆ ಆ ಸಿಲಿಂಡರು ಸೋಮಾರಿಯೆಂದು ಗಣಕ ತೀರ್ಮಾನಿಸುತ್ತದೆ. ಅನೇಕ ವಾಹನಗಳಲ್ಲಿ ‘ಪಿ 0303’ ಎಂಬ ಸಂಕೇತವನ್ನು ಬರೆದಿಡುತ್ತದೆ. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಆದರೆ ಆ ಸಂಕೇತವು ರೋಗಿಯನ್ನು ತೋರಿಸುತ್ತದೆಯೇ ಹೊರತು ರೋಗವನ್ನಲ್ಲ. ಇದನ್ನು ಮರೆತುದರಿಂದಲೇ ಎಷ್ಟೋ ಒಳ್ಳೆಯ ನೋಸಲುಗಳು ಗುಜರಿಗೆ ಸೇರುತ್ತವೆ.

ರೂಡೋಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಇಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿರಲಿಲ್ಲ. ಇಂದಿನ ಲಾರಿಯಲ್ಲಿಯೂ ಇಲ್ಲ. ಒತ್ತಿದ ಗಾಳಿಯು 500 ಡಿಗ್ರಿಗೂ ಮಿಗಿಲಾಗಿ ಕಾದು, ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನಾವು ಕೇಳಬೇಕಾದುದು ಇಷ್ಟೇ: ಗಾಳಿ ಸಾಕಷ್ಟು ಒತ್ತಲ್ಪಡುತ್ತಿದೆಯೆ? ಎಣ್ಣೆ ತಕ್ಕ ಹೊತ್ತಿಗೆ, ತಕ್ಕ ಪ್ರಮಾಣದಲ್ಲಿ ಬೀಳುತ್ತಿದೆಯೆ?

ಹಿಂದಿನ ಮೆಕ್ಯಾನಿಕ್ಕುಗಳು ನೋಸಲಿಗೆ ಹೋಗುವ ಕೊಳವೆಯ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಿದ್ದರು. ಸಡಿಲಿಸಿದೊಡನೆ ಇಂಜಿನು ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳನು ಸಿಕ್ಕಿದನು! ಇಂದಿನ ‘ಕಾಮನ್ ರೈಲ್’ ಇಂಜಿನಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿ ಎಣ್ಣೆಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಾಗಬಲ್ಲುದು; ಕೂದಲೆಳೆಯಂಥ ಧಾರೆಯೂ ಚರ್ಮವನ್ನು ತೂರಿ ಒಳಹೊಕ್ಕು ಕೈಯನ್ನೇ ಕಳೆಯಬಹುದು. ಅದೇ ಪರೀಕ್ಷೆಯನ್ನು ಈಗ ಗಣಕಕ್ಕೆ ಜೋಡಿಸಿದ ಸ್ಕ್ಯಾನರಿನ ಮೂಲಕ, ನೋಸಲುಗಳ ವಿದ್ಯುತ್ತನ್ನು ಒಂದೊಂದಾಗಿ ತಡೆದು ಮಾಡುತ್ತಾರೆ. ಮಿಸ್ಸಿಂಗ್ ನಿಂತಲ್ಲಿ ಕೇಳಿಸದೆ, ಉಡುಪಿಯಿಂದ ಮಣಿಪಾಲದ ಏರನ್ನು ಹತ್ತುವಾಗ ಮಾತ್ರ ಕಾಣಿಸಿಕೊಂಡರೆ, ಮೊದಲು ಎಣ್ಣೆಯ ಫಿಲ್ಟರನ್ನೂ ಅದರ ಅಡಿಯಲ್ಲಿ ತಂಗಿದ ನೀರನ್ನೂ ನೋಡಬೇಕು. ಹೊರೆ ಹೆಚ್ಚಿದಾಗಲೇ ಎಣ್ಣೆಯ ಕೊರತೆ ಬಯಲಾಗುವುದು.

ಇನ್ನು ಸೆನ್ಸರುಗಳ ವಿಷಯ. ನಮ್ಮ ಕರಾವಳಿಯಲ್ಲಿ ಇದು ವಿಶೇಷವಾಗಿ ಸ್ವಾರಸ್ಯವಾದುದು. ಕಡಲ ಉಪ್ಪುಗಾಳಿ, ಮೀನಿನ ಲಾರಿಯಿಂದ ಸುರಿಯುವ ಉಪ್ಪುನೀರು, ಮೇಲೆ ತಿಂಗಳುಗಟ್ಟಲೆಯ ಮಳೆ, ಇವೆಲ್ಲ ಸೇರಿ ತಂತಿಯ ಕೂಡುಗೊಂಡಿಗಳಲ್ಲಿ ತಾಮ್ರದ ಹಸಿರು ಕಿಲುಬನ್ನು ಬೆಳೆಸುತ್ತವೆ. ಈ ಕಿಲುಬು ವಿದ್ಯುತ್ತಿಗೆ ರೋಧವನ್ನೊಡ್ಡುತ್ತದೆ. ಅದರ ಫಲವೇನೆಂಬುದನ್ನು ಲೆಕ್ಕಹಾಕಿಯೇ ನೋಡೋಣ.

ಇಂಜಿನಿನ ನೀರಿನ ಉಷ್ಣತೆಯನ್ನು ತಿಳಿಸುವ ಸೆನ್ಸರಿನ ರೋಧವು ಬಿಸಿಯೇರಿದಂತೆ ಇಳಿಯುತ್ತದೆ. ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಅದು 20 ಡಿಗ್ರಿಯಲ್ಲಿ ಸುಮಾರು 2500 ಓಮ್, 25ರಲ್ಲಿ 2050, 50ರಲ್ಲಿ 830, 90ರಲ್ಲಿ ಕೇವಲ 240. ಕೂಡುಗೊಂಡಿಯ ಕಿಲುಬು 500 ಓಮ್ ರೋಧವನ್ನು ಸೇರಿಸಿತೆನ್ನಿ. ಬೆಳಗ್ಗೆ 25 ಡಿಗ್ರಿಯಲ್ಲಿ ಗಣಕಕ್ಕೆ ತೋರುವುದು 2550 ಓಮ್, ಎಂದರೆ ಸುಮಾರು 20 ಡಿಗ್ರಿ. ಐದೇ ಡಿಗ್ರಿಯ ತಪ್ಪು, ಯಾರೂ ಗಮನಿಸರು. ಇಂಜಿನು 90 ಡಿಗ್ರಿಗೆ ಕಾದ ಮೇಲೆ ಅದೇ ಕಿಲುಬಿನಿಂದ 740 ಓಮ್ ತೋರುತ್ತದೆ. ಗಣಕವು ನೀರು 50ರಿಂದ 55 ಡಿಗ್ರಿಯಲ್ಲಿದೆಯೆಂದು ನಂಬುತ್ತದೆ! ಇಂಜಿನು ಇನ್ನೂ ತಣ್ಣಗಿದೆಯೆಂದು ಬಗೆದು ಎಣ್ಣೆ ಸಿಂಪಡಿಸುವ ಹೊತ್ತನ್ನೂ ಅಳತೆಯನ್ನೂ ಬದಲಿಸುತ್ತದೆ. ವಿದ್ಯುತ್ತಿನಿಂದ ನಿಯಂತ್ರಿತವಾದ ಬೀಸಣಿಗೆಯಿದ್ದರೆ ಅದು ತಿರುಗದೆಯೇ ಇರಬಹುದು. ಸೂಚಕದ ಮುಳ್ಳೂ ಇದೇ ಸುಳ್ಳನ್ನು ತೋರುವುದರಿಂದ ಚಾಲಕನು ನಿಶ್ಚಿಂತನಾಗಿ ಓಡಿಸುತ್ತಾನೆ, ಒಳಗೆ ನೀರು ಕುದಿಯುತ್ತಿರುತ್ತದೆ.

ಹೊಸ ಸೆನ್ಸರನ್ನು ಕೊಂಡು ಹಾಕಿದರೂ ದೋಷ ಹೋಗದು. ಹಾಗಾದರೆ ಕಿಲುಬನ್ನು ಹಿಡಿಯುವುದು ಹೇಗೆ? ಗಣಕವು 5 ವೋಲ್ಟನ್ನು ತನ್ನೊಳಗಿನ 2500 ಓಮ್ ರೋಧದ ಮೂಲಕ ಕಳಿಸುತ್ತದೆಯೆಂದು ಇಟ್ಟುಕೊಂಡರೆ, ಮಂಡಲದ ಒಟ್ಟು ರೋಧ 3240 ಓಮ್. ಹರಿಯುವುದು ಸುಮಾರು 1.5 ಮಿಲಿಆಂಪಿಯರ್. ಕಿಲುಬು ಭೂಸಂಪರ್ಕದ ಕಡೆಯಲ್ಲಿದ್ದರೆ, ಮಂಡಲವು ಕೆಲಸ ಮಾಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಸೆನ್ಸರಿನ ಭೂಸಂಪರ್ಕದ ಕಾಲಿಗೂ ಇನ್ನೊಂದನ್ನು ಬ್ಯಾಟರಿಯ ಋಣಧ್ರುವಕ್ಕೂ ಮುಟ್ಟಿಸಿದರೆ ಸುಮಾರು ಮುಕ್ಕಾಲು ವೋಲ್ಟು ಕಾಣುವುದು. ತಂತಿ ಸರಿಯಾಗಿದ್ದರೆ ಅಲ್ಲಿ ಬಹುಮಟ್ಟಿಗೆ ಸೊನ್ನೆಯೇ ಇರಬೇಕಿತ್ತು. ನೋಸಲಿನ ತಂತಿಯಲ್ಲಾದರೋ 500 ಓಮ್ ಬೇಕಿಲ್ಲ. ಅದರ ಸುರುಳಿಯ ರೋಧವೇ ಅನೇಕ ಇಂಜಿನುಗಳಲ್ಲಿ ಒಂದು ಓಮಿಗಿಂತ ಕಡಿಮೆಯಾದುದರಿಂದ ಅರ್ಧ ಓಮಿನ ಕಿಲುಬೇ ಆ ಸಿಲಿಂಡರನ್ನು ಸೋಮಾರಿಯಾಗಿಸಬಲ್ಲುದು.

ಸಲಕರಣೆಯಿಲ್ಲದೆ ಬುದ್ಧಿಯಿಂದಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ರಾತ್ರಿಯೆಲ್ಲ ನಿಂತಿದ್ದ ಲಾರಿಯಲ್ಲಿ ನೀರು, ಗಾಳಿ, ಎಣ್ಣೆ ಮೂರರ ಉಷ್ಣತೆಯೂ ಒಂದೇ ಆಗಿರಬೇಕು, ಬೇರೆಯಾದುದು ಸಂಶಯಾಸ್ಪದ. ಇಂಜಿನನ್ನು ನಡೆಸದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಒಳಗಾಳಿಯ ಒತ್ತಡದ ಸೆನ್ಸರು ವಾಯುಮಂಡಲದ ಒತ್ತಡವನ್ನೇ ತೋರಬೇಕು. ಕಾಪುವಿನ ಕಡಲತೀರದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಕಾರ್ಕಳದಲ್ಲಿ ಅದಕ್ಕಿಂತ ಒಂದರಷ್ಟು ಕಡಿಮೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ 94ರ ಹತ್ತಿರ. ಕಾಪುವಿನಲ್ಲಿ ನಿಂತು 85 ಎನ್ನುವ ಸೆನ್ಸರಿನ ಮಾತನ್ನು ನಂಬುವುದೆಂತು?

ವಿದ್ಯಾರ್ಥಿಗಳು ಗುಜರಿ ಅಂಗಡಿಯಿಂದ ಉಷ್ಣತೆಯ ಹಳೆಯ ಸೆನ್ಸರೊಂದನ್ನು ತಂದು, ಪಾತ್ರೆಯ ನೀರಿನಲ್ಲಿ ಉಷ್ಣಮಾಪಕದೊಡನೆ ಇಳಿಬಿಟ್ಟು, ನೀರನ್ನು ಮೆಲ್ಲನೆ ಕಾಯಿಸುತ್ತ ಐದೈದು ಡಿಗ್ರಿಗೆ ರೋಧವನ್ನು ಅಳೆದು ನಕ್ಷೆ ಬರೆಯಲಿ. ಬಳಿಕ 500 ಓಮಿಗೆ ಸಮೀಪದ ರೋಧಕವೊಂದನ್ನು ಸರಣಿಯಲ್ಲಿ ಜೋಡಿಸಿ ಮತ್ತೊಮ್ಮೆ ಅಳೆಯಲಿ. ಎರಡು ಗೆರೆಗಳ ನಡುವಣ ಅಂತರ ಎಲ್ಲೆಲ್ಲಿಯೂ 500 ಓಮೇ. ಆದರೆ ಅದನ್ನು ಡಿಗ್ರಿಯಲ್ಲಿ ಓದಿದಾಗ ಬಿಸಿಯ ತುದಿಯಲ್ಲಿ ಎಷ್ಟು ಹಿಗ್ಗುತ್ತದೆಂಬುದು ಕಣ್ಣಿಗೇ ಕಾಣುವುದು.