ಹಿಂಬದಿಯ ಡಿಕ್ಕಿ ಮತ್ತು ಲಾರಿಯ ಚಾಸಿ

ಹೆದ್ದಾರಿಯ ಅಂಚಿನಲ್ಲಿ ಕೆಟ್ಟು ನಿಂತ ಲಾರಿಗೆ ರಾತ್ರಿ ವೇಳೆ ಹಿಂದಿನಿಂದ ಮತ್ತೊಂದು ಲಾರಿ ಬಂದು ಅಪ್ಪಳಿಸುವುದು ಪುಣೆ-ಬೆಂಗಳೂರು ರಸ್ತೆಯನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ. ಅದನ್ನು ಗ್ಯಾರೇಜಿಗೆ ಎಳೆದು ತಂದಾಗ ಎಲ್ಲರ ಕಣ್ಣೂ ಮುರಿದ ಹಿಂಬಾಗಿಲು, ಸೀಳಿದ ಹಲಗೆ, ಒಡೆದ ದೀಪಗಳ ಮೇಲೆ ನೆಡುತ್ತದೆ. ಇವೆಲ್ಲ ಬಡಗಿಯೂ ಬಣ್ಣಗಾರನೂ ಸರಿಪಡಿಸಬಲ್ಲ ಹಾನಿಗಳು. ಮಾಲೀಕನ ಹಣವೂ ಚಾಲಕನ ಪ್ರಾಣವೂ ಅವಲಂಬಿಸಿರುವುದು ಅವುಗಳ ಅಡಿಯಲ್ಲಿ ಮರೆಯಾಗಿರುವ ಚಾಸಿಯ ಮೇಲೆ.

ಚಾಸಿಯ ರಚನೆ ಏಣಿಯಂತಿರುತ್ತದೆ. ಕೊನೆಯಿಂದ ಕೊನೆಗೆ ಓಡುವ ಎರಡು ಉಕ್ಕಿನ ತೊಲೆಗಳು. ಅವುಗಳನ್ನು ಕೂಡಿಸುವ ಅಡ್ಡ ತೊಲೆಗಳು. ಉದ್ದ ತೊಲೆಯನ್ನು ಅಡ್ಡ ಕೊಯ್ದು ನೋಡಿದರೆ ನಿಂತ ಒಂದು ಪಟ್ಟಿಯೂ ಮೇಲೆ ಕೆಳಗೆ ಎರಡು ಅಂಚುಪಟ್ಟಿಗಳೂ ಕಾಣುವುವು. ಭಾರ ಹೇರಿದಾಗ ಎರಡು ಅಚ್ಚುಗಳ ನಡುವೆ ಕೆಳಗಿನ ಅಂಚುಪಟ್ಟಿ ಹಿಗ್ಗಲೆಳಸುತ್ತದೆ, ಮೇಲಿನದು ಕುಗ್ಗಲೆಳಸುತ್ತದೆ. ಹಿಂದಿನ ಅಚ್ಚಿನಾಚೆಗೆ ಚಾಚಿದ ಭಾಗದಲ್ಲಿ ಇದು ತಿರುವುಮುರುವು. ಅಂಚುಪಟ್ಟಿಗೆ ರಂಧ್ರ ಕೊರೆಯಬಾರದೆಂದು ತಯಾರಕರು ವಿಧಿಸುವುದು ಈ ಕಾರಣದಿಂದಲೇ. ಅಲ್ಲಿ ಬಿದ್ದ ಒಂದು ತೂತು ಬಿರುಕಿಗೆ ಬಾಗಿಲು.

ಹಿಂದಿನಿಂದ ಬಿದ್ದ ಪೆಟ್ಟು ಬಿದ್ದಲ್ಲೇ ನಿಲ್ಲುವುದಿಲ್ಲ. ಒಂದು ಪಾರ್ಶ್ವಕ್ಕೆ ಮಾತ್ರ ತಗುಲಿದರೆ ಆ ಬದಿಯ ತೊಲೆ ಮುಂದಕ್ಕೆ ಸರಿದು ಇಡೀ ಏಣಿ ಓರೆಯಾಗುತ್ತದೆ. ತೊಲೆ ಎಲ್ಲೂ ಬಾಗಿರುವುದಿಲ್ಲ. ಆದುದರಿಂದ ಕಣ್ಣು ಮೋಸ ಹೋಗುತ್ತದೆ. ಇನ್ನು ಕೆಲವೊಮ್ಮೆ ತೊಲೆ ಮಡಿಚಿ ಗಿಡ್ಡವಾಗುವುದು, ಪಕ್ಕಕ್ಕೆ ಬಾಗುವುದು, ನಡುವೆ ಕುಸಿಯುವುದು ಅಥವಾ ಹಗ್ಗದಂತೆ ತಿರುಚುವುದು ಉಂಟು. ಒಂದೇ ಡಿಕ್ಕಿಯಲ್ಲಿ ಎರಡು ಮೂರು ಬಗೆಯ ಹಾನಿ ಕೂಡಿ ಬರುವುದೂ ಅಪರೂಪವಲ್ಲ.

ಆದಕಾರಣ ಸುತ್ತಿಗೆಗೆ ಮೊದಲು ಅಳತೆಪಟ್ಟಿ ಹೊರಬರಬೇಕು. ಭಾರವಿಳಿಸಿದ ಲಾರಿಯನ್ನು ಸಮತಟ್ಟಾದ ಗಚ್ಚಿನ ನೆಲದ ಮೇಲೆ ಆಧಾರಗಳ ಮೇಲೆ ನಿಲ್ಲಿಸಿ, ಎಡಬಲ ತೊಲೆಗಳಲ್ಲಿ ಒಂದಕ್ಕೊಂದು ಸರಿಹೊಂದುವ ಮೂಲ ರಂಧ್ರಗಳಿಂದ ತೂಕದ ಗುಂಡನ್ನು ಇಳಿಬಿಟ್ಟು, ಅದರ ತುದಿ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಬೇಕು. ಲಾರಿಯನ್ನು ಆಚೆ ಸರಿಸಿದರೆ ಚಾಸಿಯ ನಕ್ಷೆಯೇ ನೆಲದ ಮೇಲೆ ಉಳಿಯುತ್ತದೆ. ಈಗ ಪ್ರತಿಯೊಂದು ಅಂಕಣದ ಎರಡು ಕರ್ಣಗಳನ್ನು ಅಳೆಯತಕ್ಕದ್ದು. ಕರ್ಣಗಳು ಸಮವಾಗಿದ್ದರೆ ಆ ಅಂಕಣ ಓರೆಯಾಗಿಲ್ಲ. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿಂದ ಹಾನಿಯ ಆರಂಭ. ಕುಸಿತವೂ ತಿರುಚೂ ನೆಲದ ನಕ್ಷೆಗೆ ಸಿಗವು. ಅವುಗಳಿಗೆ ತೊಲೆಯಿಂದ ನೆಲಕ್ಕಿರುವ ಎತ್ತರವನ್ನು ಎರಡೂ ಬದಿ ಅಳೆದು ಹೋಲಿಸಬೇಕು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರವೂ ಎಡಬಲಗಳಲ್ಲಿ ಒಂದೇ ಆಗಿರಬೇಕು. ಇಲ್ಲವಾದರೆ ಲಾರಿ ನಾಯಿಯಂತೆ ಓರೆಯಾಗಿ ಓಡುತ್ತದೆ, ಟೈರು ಅಕಾಲದಲ್ಲಿ ಸವೆಯುತ್ತದೆ. ಅನುಭವಿ ಮೇಸ್ತ್ರಿಗೆ ಅಳತೆಗೂ ಮುನ್ನ ರಿವೆಟ್‌ಗಳೇ ಸುಳಿವು ಕೊಡುತ್ತವೆ. ಸುತ್ತಲಿನ ಬಣ್ಣ ಹಕ್ಕಳೆಯೆದ್ದು ತುಕ್ಕಿನ ಗೆರೆ ಇಳಿದಿದ್ದರೆ ಆ ಕೀಲು ಅಲುಗಾಡಿದೆಯೆಂದೇ ತಿಳಿಯಬೇಕು.

ದುರಸ್ತಿಯಲ್ಲಿ ಅತಿ ದೊಡ್ಡ ತಪ್ಪು ನಡೆಯುವುದು ಬೆಂಕಿಯಿಂದ. ಗ್ಯಾಸಿನ ಜ್ವಾಲೆಯಲ್ಲಿ ಕಾಯಿಸಿದ ತೊಲೆ ಬೇಗ ಬಗ್ಗುತ್ತದೆ, ನೇರವಾದಂತೆ ಕಾಣುತ್ತದೆ, ಮಾಲೀಕನಿಗೂ ಸಂತೋಷ. ಆದರೆ ಶಾಖಸಂಸ್ಕಾರದಿಂದ ಬಲ ಪಡೆದ ಉಕ್ಕನ್ನು ಹಾಗೆ ಕಾಯಿಸಿದರೆ ಕಾರ್ಖಾನೆ ಕೊಟ್ಟ ಬಲ ಅಲ್ಲಿಯೇ ಕರಗುತ್ತದೆ; ಹೊರಗಿನಿಂದ ಅದರ ಕುರುಹೂ ಕಾಣದು. ಅಂಥ ತೊಲೆಯನ್ನು ಸರಪಳಿ ಮತ್ತು ಹೈಡ್ರಾಲಿಕ್ ಜಾಕ್‌ಗಳಿಂದ ತಣ್ಣಗೆಯೇ ನಿಧಾನವಾಗಿ ಎಳೆಯಬೇಕು. ಬಿಟ್ಟೊಡನೆ ಉಕ್ಕು ತುಸು ಹಿಂದಕ್ಕೆ ಸರಿಯುವುದರಿಂದ ಗುರುತಿಗಿಂತ ಕೊಂಚ ಆಚೆಗೆ ಎಳೆದು, ಬಿಟ್ಟು, ಮತ್ತೆ ಅಳೆಯುವುದು ಕ್ರಮ. ಸಾಧಾರಣ ಉಕ್ಕಿಗೆ ತಯಾರಕರ ಕೈಪಿಡಿ ಅನುಮತಿಸಿದಷ್ಟು ಶಾಖ ಕೊಡಬಹುದು. ಕಾದುದರ ಮೇಲೆ ನೀರು ಸುರಿಯುವ ಅಭ್ಯಾಸ ಮಾತ್ರ ಎಂದಿಗೂ ಸಲ್ಲದು.

ಬಿರುಕು ಕಂಡರೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಹರಡುವಿಕೆಯನ್ನು ತಡೆದು ಬಳಿಕ ಬೆಸುಗೆ ಹಾಕುವರು. ಮೇಲೆ ಕೂಡಿಸುವ ಬಲಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿಸಬೇಕು. ನೇರ ತುದಿಯಿದ್ದಲ್ಲಿ ಬಲ ಒಮ್ಮೆಲೇ ಬದಲಾಗಿ ಅದೇ ಗೆರೆಯಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕವನ್ನು ಕಳಚಬೇಕು. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಲಾರಿಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಕಗಳು ಹೆಚ್ಚಾಗಿರುವುದರಿಂದ ಈ ಎಚ್ಚರ ಇಮ್ಮಡಿ ಅಗತ್ಯ. ಸಡಿಲಾದ ರಿವೆಟ್‌ನ ಜಾಗದಲ್ಲಿ ರಂಧ್ರವನ್ನು ನಯಗೊಳಿಸಿ ಬಿಗಿಯಾಗಿ ಕೂರುವ ಗಟ್ಟಿ ಬೋಲ್ಟನ್ನು ಹಾಕತಕ್ಕದ್ದು. ಆಡುವ ಬೋಲ್ಟಿಗಿಂತ ಹಳೆಯ ರಿವೆಟ್ಟೇ ವಾಸಿ.

ತೊಲೆ ಮಡಿಚಿ ಅಂಚುಪಟ್ಟಿ ಸುಕ್ಕುಗಟ್ಟಿದ್ದರೆ ಅದನ್ನು ನೇರಗೊಳಿಸುವ ಹಠ ಬೇಡ, ಬದಲಿಸುವುದೇ ಮಾರ್ಗ. ಸಾಲದ ಕಂತು ತಲೆಯ ಮೇಲಿರುವ ಮಾಲೀಕನಿಗೆ ಈ ಮಾತು ಹೇಳುವುದು ಮೇಸ್ತ್ರಿಗೆ ಸುಲಭವಲ್ಲ. ಚಾಸಿ ಸಂಖ್ಯೆಯನ್ನು ಕೊರೆದಿರುವುದು ತೊಲೆಯ ಮೇಲೆಯೇ ಆದ್ದರಿಂದ ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ವಿಮೆಯ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚುವಂತೆಯೂ ಇಲ್ಲ. ಕೆಲಸ ಮುಗಿದ ಮೇಲೆ ತೂಕದ ಗುಂಡು ಮತ್ತೊಮ್ಮೆ ಇಳಿಯಬೇಕು, ನೆಲದ ಮೇಲೆ ಹೊಸ ನಕ್ಷೆ ಮೂಡಬೇಕು. ಭಾರ ಹೇರಿ ಕೆಲವು ದಿನ ಓಡಿಸಿ ಲಾರಿಯನ್ನು ಮರಳಿ ಕರೆಸಿ, ಹಾಕಿದ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ ಬಳಿಕವೇ ಮೇಸ್ತ್ರಿಯ ಲೆಕ್ಕ ಮುಗಿಯುವುದು.