ಶಿಶುವಿನ ಬೆಳವಣಿಗೆ ಮತ್ತು ಸಂಸ್ಕಾರಕ್ರಮ

ಶ್ರೀಮದಾಚಾರ್ಯರು ಶೈಶವದಲ್ಲಿ, ತಾಯಿ ಮನೆಯಲ್ಲಿಲ್ಲದಾಗ ಅಕ್ಕನು ತಿನ್ನಿಸಿದ ಹುರುಳಿಯನ್ನು ಅನಾಯಾಸವಾಗಿ ಜೀರ್ಣಿಸಿಕೊಂಡರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಅದು ಅವತಾರಪುರುಷರ ಮಹಿಮೆ. ನಮ್ಮ ಮಕ್ಕಳಿಗೆ ಅಳತೆಗೋಲಲ್ಲ. ಅವರಿಗೆ 6ನೆಯ ತಿಂಗಳಲ್ಲಿ ಅನ್ನಪ್ರಾಶನ, 3ನೆಯ ವರ್ಷದಲ್ಲಿ ಚೌಲ, 5ನೆಯ ವರ್ಷದಲ್ಲಿ ಅಕ್ಷರಾಭ್ಯಾಸವೆಂದು ಹಿರಿಯರು ಕ್ರಮವಿಟ್ಟರು. 6 ತಿಂಗಳವರೆಗೆ ತಾಯಿಯ ಹಾಲೇ ಸಾಕೆಂಬ ಇಂದಿನ ವೈದ್ಯರ ಮಾತೂ ಇದಕ್ಕೆ ಹೊಂದುತ್ತದೆ.

ಒಂದು ವಿಜಯದಶಮಿಯಂದು 3 ವರ್ಷವೂ ತುಂಬದ ಮಗುವನ್ನು ಅಕ್ಷರಾಭ್ಯಾಸಕ್ಕೆ ಕರೆತಂದಿದ್ದರು. ನೆರೆಮನೆಯ ಹುಡುಗನು ಆಗಲೇ ಬರೆಯುತ್ತಾನೆಂಬುದು ತಂದೆಯ ಚಿಂತೆ. ಬೆರಳು ಹಿಡಿದೊಡನೆ ಮಗು ಅತ್ತಿತು. ಅರ್ಚಕರಾದ ನಮ್ಮ ತೀರ್ಥರೂಪರು, “ಕೈ ಬಿಡಿರಿ” ಎಂದರು. ಮಗುವು ತಟ್ಟೆಯ ಅಕ್ಕಿಯನ್ನು ಮುಷ್ಟಿಯಲ್ಲಿ ತುಂಬಿ ಸುರಿದು ನಕ್ಕಿತು. “ಈಗ ಬೆರಳಿಗೆ ಇದೇ ಅಭ್ಯಾಸ. ಕಥೆ ಹೇಳಿರಿ, ದೇವರನಾಮ ಕೇಳಿಸಿರಿ, ಅಕ್ಷರವು ಕಾಲಕ್ಕೆ ಬರುವುದು” ಎಂದರು.

ಜೀವಜೀವರಿಗೆ ಭೇದವುಂಟೆಂದು ನಂಬುವ ನಾವು ಇಬ್ಬರು ಮಕ್ಕಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಹಾಗೆಂದು ಅಲಕ್ಷ್ಯವೂ ಸಲ್ಲದು. 2 ವರ್ಷ ತುಂಬಿದರೂ ಎರಡು ಮಾತು ಕೂಡಿಸಿ ಆಡದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಮಗುವು ಶ್ರೀಹರಿಯು ನಮ್ಮಲ್ಲಿರಿಸಿದ ನಿಕ್ಷೇಪ; ಅದರ ಕಾಲವನ್ನರಿತು ಬೆಳೆಸುವುದೂ ಅವನ ಸೇವೆಯೇ.

ಶ್ರೀಕೃಷ್ಣಾರ್ಪಣಮಸ್ತು.